ಕಾಗದದ ಮೇಲಿನ ಬಡವ

ತರ್ಸೇಮ್ ಸಿಂಗನಿಗೆ ಹೆಮ್ಮೆಪಡಲು ಎರಡು ವಿಷಯಗಳಿದ್ದವು. ಒಂದು ಅವನ ಮೀಸೆ. ಇನ್ನೊಂದು, ಅವನು ತೆರಿಗೆ ಕಟ್ಟುವುದಿಲ್ಲ ಎಂಬುದು. ಮೀಸೆ ತಾನಾಗಿಯೇ ಜನರ ಕಣ್ಣಿಗೆ ಬೀಳುತ್ತಿತ್ತು. ತೆರಿಗೆಯ ವಿಷಯವನ್ನು ಮಾತ್ರ ಪಾಪ, ಅವನೇ ಬಾಯಿಬಿಟ್ಟು ಹೇಳಬೇಕಾಗಿತ್ತು. ಹೇಳುತ್ತಿದ್ದ.

ಹೊರದೇಶದ ಬ್ರಾಂಪ್ಟನ್ ಊರಿನ ಗುರುದ್ವಾರದಲ್ಲಿ ಭಾನುವಾರ ಲಂಗರಿನ ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತನೆಂದರೆ, ದಾಲ್ ಬಡಿಸುವವರು ಸಾಲಿನ ಆ ತುದಿಯಲ್ಲಿರುವಾಗಲೇ ಶುರು ಮಾಡುತ್ತಿದ್ದ. "ಇಷ್ಟು ವರ್ಷದಿಂದ ಲಾರಿ ಓಡಿಸ್ತಿದ್ದೀನಿ, ಈ ಸರ್ಕಾರಕ್ಕೆ ನನ್ನಿಂದ ಒಂದು ಚಹಾದ ಕಾಸೂ ಗಿಟ್ಟಿಲ್ಲ ನೋಡಿ!" ಅಕ್ಕಪಕ್ಕದವರೂ ಲಾರಿಯವರೇ. ಯಾವುದೋ ಯುದ್ಧದ ಕಥೆ ಕೇಳಿದವರಂತೆ ಗಂಭೀರವಾಗಿ ತಲೆದೂಗುತ್ತಿದ್ದರು.

ಈ ವಿದ್ಯೆಯ ಗುರು ಗರ್ಚಾ, ಅಕೌಂಟೆಂಟು. ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. (ಕೆಳಗಿನಿಂದ ಜಿಲೇಬಿಯ ಘಮ ಬರುವುದರಿಂದ ಅಲ್ಲಿ ಎಂಥ ಕೆಟ್ಟ ಸುದ್ದಿಯನ್ನೂ ಜನ ಸಮಾಧಾನವಾಗಿ ಕೇಳುತ್ತಾರೆ.) ಅವನು ತರ್ಸೇಮನಿಗೆ ಒಂದು ಕಂಪನಿ ಮಾಡಿಕೊಟ್ಟಿದ್ದ. ಆ ಕಂಪನಿಗೆ ಮಾಲೀಕನೂ ತರ್ಸೇಮ್, ಡ್ರೈವರೂ ತರ್ಸೇಮ್, ಲಾರಿ ತೊಳೆಯುವವನೂ ತರ್ಸೇಮ್. ಲಾರಿ ಕಂಪನಿಯದು, ಡೀಸೆಲ್ ಕಂಪನಿಯದು, ಟೈರು, ಫೋನು, ಕೈಗವಸು, ದಾರಿಯಲ್ಲಿ ತಿಂದ ಊಟದಲ್ಲಿ ಒಂದು ಪಾಲು, ಎಲ್ಲವೂ ಕಂಪನಿಯ ಖರ್ಚು. ಇಷ್ಟೆಲ್ಲ ಕಳೆದು ಆ ಕಂಪನಿ ತನ್ನ ಏಕಮಾತ್ರ ನೌಕರನಿಗೆ ಸಂಬಳವೆಂದು ಕೊಡುತ್ತಿದ್ದುದು ಅಷ್ಟಕ್ಕಷ್ಟೇ. ಎಲ್ಲವೂ ಕಾನೂನಿನ ಒಳಗೇ ಇತ್ತು, ಸ್ವಲ್ಪ ಗೋಡೆಗೆ ಒತ್ತಿಕೊಂಡು ಅಷ್ಟೆ. ಹೀಗಾಗಿ ನಮ್ಮ ತರ್ಸೇಮ್ ಮನೆಯಲ್ಲಿ ಸಾಹುಕಾರ, ಕಾಗದದ ಮೇಲೆ ಕಡುಬಡವ.

ಅವನ ಹೆಂಡತಿ ಸರಬ್ಜೀತ್ ಒಂದು ಬ್ರೆಡ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ತೆರಿಗೆಯನ್ನು ಸಂಬಳ ಕೈಗೆ ಬರುವ ಮೊದಲೇ ಹಿಡಿದುಕೊಳ್ಳುತ್ತಿದ್ದರು. ತರ್ಸೇಮನಿಗೆ ಅದನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟ, ಬಾಯಲ್ಲಿ ತಮಾಷೆ. "ನೀನು ನನ್ನಮ್ಮನ ಸೊಸೆಯಲ್ಲ ಭಾಗವಾನೇ, ಸರ್ಕಾರದ ಸೊಸೆ" ಎನ್ನುತ್ತಿದ್ದ. (ಭಾಗವಾನ್ ಎಂದರೆ ಭಾಗ್ಯವಂತೆ. ಅವರ ಕಡೆ ಹೆಂಡತಿಯನ್ನು ಹಾಗೆ ಕರೆಯುತ್ತಾರೆ.) ಅವಳು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದಳು. ಬೆಳಗಿನ ಪಾಳಿಗೆ ಬಸ್ಸು ಹಿಡಿಯುವವರಿಗೆ ಎಲ್ಲದಕ್ಕೂ ಉತ್ತರ ಕೊಡುವಷ್ಟು ಪುರುಸೊತ್ತು ಎಲ್ಲಿರುತ್ತದೆ?

ಇನ್ನು ಅವನ ಅಮ್ಮ, ಅಂದರೆ ಬೇಬೆ. ಜಗರಾಂವ್ ಹತ್ತಿರದ ಹಳ್ಳಿಯಲ್ಲಿ ಕಿರಿಯ ಮಗನ ತುಂಬಿದ ಮನೆಯಲ್ಲಿದ್ದಳು. ಉಣ್ಣಲು ಉಡಲು ಏನೂ ಕೊರತೆಯಿಲ್ಲ, ಜಗಳವಾಡಲು ಕಿರಿಯ ಸೊಸೆಯೂ ಇದ್ದಳು. ಕೊರತೆ ಇದ್ದದ್ದು ತರ್ಸೇಮನಿಗೆ. ಅಪ್ಪ ಹೋದಾಗ ಅವನು ಲಾರಿ ನಿಲ್ಲಿಸಿ, ವಿಮಾನ ಹಿಡಿದು, ಊರು ಮುಟ್ಟುವ ಹೊತ್ತಿಗೆ ಚಿತೆ ತಣ್ಣಗಾಗಿತ್ತು. ಆ ಸಂಕಟ ಅವನನ್ನು ಬಿಟ್ಟಿರಲಿಲ್ಲ. ಉದ್ದನೆಯ ಹೆದ್ದಾರಿಯಲ್ಲಿ ಒಬ್ಬನೇ ಹೋಗುವಾಗ ಎಷ್ಟೋ ಸಲ ಕಣ್ಣು ಮಂಜಾಗಿ, ಗಾಜು ಒರೆಸಿದರೂ ದಾರಿ ಕಾಣದಂತಾಗುತ್ತಿತ್ತು. ಅಮ್ಮನ ವಿಷಯದಲ್ಲಿ ಹಾಗಾಗಬಾರದು, ಅವಳು ತನ್ನ ಮನೆಯಲ್ಲಿ, ತನ್ನ ಕಣ್ಣೆದುರಿಗೆ ಇರಬೇಕು. ಇದೊಂದೇ ಅವನ ಆಸೆ.

ನೋಡಿಕೊಂಡು ಹೋಗುವ ವೀಸಾದಲ್ಲಿ ಬಾ ಎಂದರೆ ಬೇಬೆ ಸುತರಾಂ ಒಪ್ಪುತ್ತಿರಲಿಲ್ಲ.

"ವಾಪಸ್ ಟಿಕೆಟ್ ಕೈಯಲ್ಲಿ ಹಿಡ್ಕೊಂಡು ಮಗನ ಮನೆಗೆ ಬರೋದಾ? ನಾನೇನು ಮದುವೆ ದಲ್ಲಾಳಿನಾ? ಬಂದ್ರೆ ಪೆಟ್ಟಿಗೆ ಸಮೇತ ಬರ್ತೀನಿ, ಪುತ್ತ. ಇಲ್ಲಾಂದ್ರೆ ಇಲ್ಲೇ ಚೆನ್ನಾಗಿದ್ದೀನಿ."

ಸರಿ, ಕಾಯಂ ಆಗಿ ಕರೆಸೋಣ ಎಂದು ತರ್ಸೇಮ್ ಮೀಸೆ ತಿರುವಿಕೊಂಡು ಗರ್ಚಾನ ಮಹಡಿ ಹತ್ತಿದ.

ಗರ್ಚಾ ಕನ್ನಡಕದ ಮೇಲಿನಿಂದ ಅವನನ್ನು ಬಹಳ ಹೊತ್ತು ನೋಡಿದ. ಮೈಮೇಲಿನ ಗಡ್ಡೆಯನ್ನು ಡಾಕ್ಟರು ನೋಡುತ್ತಾರಲ್ಲ, ಹಾಗೆ.

"ತಾಯಿನ ಕರೆಸ್ಬೇಕು ಅಂದ್ರೆ ಅವರನ್ನ ಸಾಕೋ ತಾಕತ್ತು ಇದೆ ಅಂತ ಸರ್ಕಾರಕ್ಕೆ ತೋರಿಸ್ಬೇಕು, ತರ್ಸೇಮ್."

"ತೋರಿಸಿದ್ರಾಯ್ತು! ಮನೆ ಇದೆ, ಲಾರಿ ಇದೆ..."

"ಮನೆ ಅಲ್ಲ, ಲಾರಿ ಅಲ್ಲ. ಆದಾಯ. ಮನೆಯಲ್ಲಿರೋ ತಲೆ ಲೆಕ್ಕ ಹಾಕ್ತಾರೆ. ನೀನು, ಹೆಂಡ್ತಿ, ಇಬ್ಬರು ಹೆಣ್ಮಕ್ಕಳು, ಅದರ ಮೇಲೆ ತಾಯಿ. ಇಷ್ಟು ತಲೆಗೆ ಇಷ್ಟು ಆದಾಯ ಅಂತ ಇದೆ. ಅದೂ ಒಂದು ವರ್ಷದ್ದಲ್ಲ, ಹಿಂದಿನ ಮೂರು ವರ್ಷದ್ದು. ಒಂದೊಂದು ವರ್ಷವೂ ದಾಟಿರಬೇಕು." ಎಂದು ಗರ್ಚಾ ಒಂದು ಅಂಕಿ ಹೇಳಿದ.

ಅಂಕಿ ಕೇಳಿ ತರ್ಸೇಮ್ ನಕ್ಕುಬಿಟ್ಟ. "ಅಷ್ಟೇನಾ? ಅದಕ್ಕಿಂತ ಜಾಸ್ತಿ ದುಡೀತೀನಿ ನಾನು."

"ದುಡೀತೀಯ. ಆದ್ರೆ ನೀನು ದುಡಿಯೋದು ನಿನಗೆ ಗೊತ್ತು, ನನಗೆ ಗೊತ್ತು, ದೇವರಿಗೆ ಗೊತ್ತು. ಸರ್ಕಾರಕ್ಕೆ ಗೊತ್ತಾಗಬಾರ್ದು ಅಂತಾನೇ ಅಲ್ವಾ ನೀನು ನಂಗೆ ಫೀಸು ಕೊಡೋದು?"

ಜಿಲೇಬಿಯ ಘಮ ಮೇಲೆ ಬಂತು. ಆದರೂ ತರ್ಸೇಮನಿಗೆ ಸಮಾಧಾನವಾಗಲಿಲ್ಲ.

"ಹೆಂಡ್ತಿ ಜೊತೆಗೆ ಸಹಿ ಹಾಕಿದ್ರೆ ಅವಳ ಆದಾಯಾನೂ ಸೇರುತ್ತೆ" ಎಂದು ಗರ್ಚಾ ಒಂದು ಎಳೆ ಆಸೆ ತೋರಿಸಿದ.

"ಅಯ್ಯೋ ಅವಳದ್ದೇನು ಬಿಡಿ ಗರ್ಚಾ ಸಾಬ್. ಬನ್ನು ಜೋಡಿಸೋ ಕೆಲಸ. ನಾನೇ ಮಾಡ್ತೀನಿ. ಟ್ಯಾಕ್ಸ್ ಕಟ್ಟಬೇಕು, ತಾನೆ? ಕಟ್ತೀನಿ! ಅಮ್ಮನಿಗಿಂತ ಟ್ಯಾಕ್ಸ್ ಹೆಚ್ಚಾ?"

ಮಾತು ಗಂಡಸಿನ ಹಾಗೆ ಬಂತು. ಧ್ವನಿ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಕೂತವನದಾಗಿತ್ತು.

ಮನೆಗೆ ಬಂದು ಸುದ್ದಿ ಹೇಳಿದಾಗ ಸರಬ್ಜೀತ್ ಸಾಸಿವೆ ಸೊಪ್ಪು ಹೆಚ್ಚುತ್ತಿದ್ದಳು.

"ಭಾಗವಾನೇ, ನಾವು ಬಡವರಂತೆ."

"ನಾವಲ್ಲ, ಸರ್ದಾರ್‌ಜಿ. ನೀವು."

"ನಗಬೇಡ. ಗಂಭೀರವಾದ ವಿಷಯ."

"ನಾನೆಲ್ಲಿ ನಕ್ಕೆ? ನಮ್ಮ ಕೆಳಗಿನ ಬಾಡಿಗೆ ಹುಡುಗ್ರು ಓದ್ಕೊಂಡು ಮನೆಮನೆಗೆ ಪಿಜ್ಜಾ ಹಂಚ್ತಾರಲ್ಲ, ಅವರ ಆದಾಯಾನೇ ನಿಮಗಿಂತ ಜಾಸ್ತಿ ಇರುತ್ತೆ. ಒಂದು ಮಾತು ಕೇಳಿ ನೋಡಿ, ಬೇಬೇಜಿನ ಅವರೇ ಕರೆಸ್ಕೊಳ್ತಾರೇನೋ."

ಅಷ್ಟರಲ್ಲಿ ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಫೋನು ಮಾತಾಡಿತು. ಬೇಬೆ! ಇವರಿಗೆ ಸಂಜೆಯಾದರೆ ಅವಳಿಗೆ ಬೆಳಗಿನ ಜಾವ. ದಿನಾ ಈ ಹೊತ್ತಿಗೆ ವಿಡಿಯೋದಲ್ಲಿ ಬಂದು ಸೊಸೆಯ ಅಡಿಗೆಮನೆಯ ಉಸ್ತುವಾರಿ ನೋಡುತ್ತಿದ್ದಳು. ಅವಳ ಬಾಯಲ್ಲಿ ಸರಬ್ಜೀತ್ ಸಬ್ಬೋ, ತರ್ಸೇಮ್ ಸೇಮಾ.

"ಸಬ್ಬೋ, ಸೊಪ್ಪು ದಪ್ಪ ಆಯ್ತು. ಇನ್ನೂ ಸಣ್ಣಗೆ ಹೆಚ್ಚು. ಸೇಮಾ ಯಾಕೆ ಬಾಡಿದ್ದಾನೆ? ಊಟ ಹಾಕ್ತೀಯೋ ಇಲ್ವೋ?"

"ಹಾಕ್ತೀನಿ ಬೇಬೇಜಿ" ಎಂದು ಸರಬ್ಜೀತ್ ಫೋನಿನ ಮುಖವನ್ನು ಮೆಲ್ಲಗೆ ಗಂಡನ ಕಡೆ ತಿರುಗಿಸಿದಳು. ಆಮೇಲೆ ಅವನ ಕಿವಿಯಲ್ಲಿ ಹೇಳಿದಳು: "ಬೇಗ ಕರೆಸ್ಕೊಳ್ಳಿ. ಇಲ್ಲಿಗೆ ಬಂದ್ರೆ ರಾತ್ರಿ ನಿದ್ದೆಯಾದ್ರೂ ಮಾಡ್ತಾರೆ. ಫೋನಲ್ಲಿ ಅದೂ ಇಲ್ಲ."

ಹೀಗೆ ಅತ್ತೆ ಬರಬೇಕೆಂದು ಸೊಸೆಗೂ ಅವಳದೇ ಆದ ಕಾರಣವಿತ್ತು.

ಅರ್ಜಿಯ ಮೊದಲ ಹಂತವೆಂದರೆ ನಾವೂ ಇದ್ದೇವೆ ಎಂದು ಹೆಸರು ಕೊಡುವುದು. ಹೆಸರು ಕೊಟ್ಟವರು ಊರು ತುಂಬ. ವರ್ಷಕ್ಕೊಮ್ಮೆ ಅದರಲ್ಲಿ ಕೆಲವು ಹೆಸರನ್ನು ಎತ್ತುತ್ತಾರೆ. ಎತ್ತಿದ ಮೇಲೆ ಹಿಂದಿನ ಮೂರು ವರ್ಷದ ಆದಾಯ ನೋಡುತ್ತಾರೆ. ಯಾವ ವರ್ಷ ಎತ್ತುತ್ತಾರೋ ಯಾರಿಗೂ ಗೊತ್ತಿಲ್ಲ. "ಆದ್ದರಿಂದ ಪ್ರತಿ ವರ್ಷವೂ ನೀನು ಕಾಗದದ ಮೇಲೆ ಸಾಹುಕಾರನಾಗೇ ಇರ್ಬೇಕು" ಎಂದು ಗರ್ಚಾ ಎಚ್ಚರಿಸಿದ್ದ. ತರ್ಸೇಮನ ಕಂಪನಿ ತರ್ಸೇಮನಿಗೆ ಕೈತುಂಬ ಸಂಬಳ ಕೊಡತೊಡಗಿತು. ಸರ್ಕಾರ ಅದರಲ್ಲಿ ತನ್ನ ಪಾಲು ಹಿಡಿದುಕೊಂಡಿತು. ಆ ವರ್ಷ ತರ್ಸೇಮ್ ತೆರಿಗೆ ಕಟ್ಟಿ ಬಂದವನು ಹೊದ್ದು ಮಲಗಿದ. ಮೈ ಬಿಸಿಯಾಗಿದೆಯೇ ಎಂದು ಮಗಳು ಹಣೆ ಮುಟ್ಟಿ ನೋಡಿದಳು.

ಆದರೆ ದುಡ್ಡು ಕೊಟ್ಟು ಸುಮ್ಮನಿರುವ ಜಾತಿಯಲ್ಲ ಅವನು. ಕಟ್ಟದಿದ್ದಾಗ ಎಷ್ಟು ಸದ್ದು ಮಾಡುತ್ತಿದ್ದನೋ, ಕಟ್ಟಿದ ಮೇಲೆ ಅದರ ಎರಡರಷ್ಟು ಮಾಡಿದ. ಚಳಿಗಾಲದ ಬೆಳಿಗ್ಗೆ ರಸ್ತೆಯ ಹಿಮ ಬಳಿಯುವ ಗಾಡಿ ಬಂದರೆ ಚಹಾದ ಲೋಟ ಹಿಡಿದು ಹೊರಗೆ ನಿಂತು, "ಮೂಲೆಯದ್ದೂ ತೆಗಿಯಪ್ಪಾ, ನನ್ನ ದುಡ್ಡು ಅದು!" ಎಂದು ಪಂಜಾಬಿಯಲ್ಲಿ ಕೂಗುತ್ತಿದ್ದ. ಪಾರ್ಕಿನ ಬೆಂಚಿನ ಮೇಲೆ ಯಾರಾದರೂ ಕಾಲಿಟ್ಟರೆ ಕಾಲಿಳಿಸುವವರೆಗೆ ಎದುರಿಗೆ ನಿಲ್ಲುತ್ತಿದ್ದ. ಕಟ್ಟಿದ್ದು ವಸೂಲಾಗಲಿ ಎಂದು ಜೀವಮಾನದಲ್ಲೇ ಮೊದಲ ಸಲ ಲೈಬ್ರರಿಗೆ ಹೋಗಿ ಒಂದು ಪುಸ್ತಕ ತಂದ. (ಬೆಕ್ಕು ಸಾಕುವುದು ಹೇಗೆಂಬ ಪುಸ್ತಕ. ಇದ್ದುದರಲ್ಲಿ ಅದೇ ದಪ್ಪಗಿತ್ತಂತೆ.) ಒಮ್ಮೆ ಅತಿವೇಗಕ್ಕೆ ತಡೆದ ಪೊಲೀಸಿನವನಿಗೆ "ನಿಮಗೆ ಸಂಬಳ ಕೊಡೋನು ನಾನೇ" ಎಂದು ತಿಳಿಸಿದ. ದಂಡ ಕಡಿಮೆಯಾಗಲಿಲ್ಲ.

ಲಂಗರಿನಲ್ಲಿ ಅವನ ಪಕ್ಕ ಕೂರುವವರು ಕಡಿಮೆಯಾದರು. ತೆರಿಗೆ ಕಟ್ಟುವವನ ಸಹವಾಸ ಯಾರಿಗೆ ಬೇಕು?

ವರ್ಷ ಉರುಳಿತು. ಹೆಸರು ಬರಲಿಲ್ಲ. ಇನ್ನೊಂದು ವರ್ಷ ಉರುಳಿತು. ಗುರುದ್ವಾರದ ಹಿಂದಿನ ಬೀದಿಯವನ ಅತ್ತೆ ಮಾವ ಬಂದರು, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಡ್ರೈವರನ ಅಪ್ಪ ಬಂದ. ತರ್ಸೇಮನ ಹೆಸರು ಮಾತ್ರ ಬರಲಿಲ್ಲ. ಬೇಬೆಗೆ ಇದನ್ನು ತಿಳಿಸಿ ಹೇಳುವುದರಲ್ಲಿ ಅವನ ಅರ್ಧ ಆಯುಷ್ಯ ಸವೆಯಿತು.

"ನಮ್ಮ ಮುಂದೆ ಎಷ್ಟು ಜನ ಇದ್ದಾರೆ, ಸೇಮಾ?"

"ಇದು ಸರದಿ ಅಲ್ಲ ಬೇಬೆ. ಚೀಟಿ ಎತ್ತೋ ಹಾಗೆ."

"ಹಂಗಾದ್ರೆ ಎತ್ತೋನನ್ನ ಹೋಗಿ ನೋಡು. ಒಂದು ಡಬ್ಬ ಪಿನ್ನಿ ಉಂಡೆ ಕೊಟ್ಟು ಬಾ. ನಾನೇ ತುಪ್ಪ ಹಾಕಿ ಮಾಡಿ ಕಳಿಸ್ತೀನಿ."

"ಎತ್ತೋದು ಕಂಪ್ಯೂಟರ್ ಬೇಬೆ."

"ಅದಕ್ಕೂ ಏನಾದ್ರೂ ಇಷ್ಟ ಇರುತ್ತೆ. ನೀನು ವಿಚಾರಿಸಿಲ್ಲ ಅಷ್ಟೆ."

ಮೂರನೆಯ ಸಲವೂ ಹೆಸರು ಬರದಿದ್ದಾಗ ತರ್ಸೇಮನ ತಾಳ್ಮೆ ಕಿತ್ತುಹೋಯಿತು. ಅಮ್ಮನೂ ಇಲ್ಲ, ದುಡ್ಡೂ ಇಲ್ಲ. ಈ ಯೋಚನೆ ತಲೆಗೆ ಹೊಕ್ಕ ಹೊತ್ತಿನಲ್ಲೇ ಅವನು ಮಾರಾಟದ ಅಂಗಳದಲ್ಲಿ ಒಂದು ಹೊಸ ಲಾರಿ ನೋಡಿದ. ಗಾಢ ನೀಲಿ. ಒಳಗೆ ಮಂಚ, ಪುಟ್ಟ ಫ್ರಿಜ್ಜು, ಮೆತ್ತನೆಯ ಸೀಟು. ಲಾರಿಯೇ ಅವನನ್ನು ಹೆಸರು ಹಿಡಿದು ಕರೆದಂತಾಯಿತು. ಗರ್ಚಾನನ್ನು ಕೇಳಿದ. ಈ ವರ್ಷ ಕೊಂಡರೆ ಕಂಪನಿಯ ಖರ್ಚಿನಲ್ಲಿ ಬಹಳಷ್ಟು ಕಳೆಯಬಹುದು ಎಂದ ಗರ್ಚಾ. ದುಡ್ಡೆಲ್ಲ ಲಾರಿಗೆ ಹಾಕಿದರೆ ತರ್ಸೇಮನ ಸಂಬಳ ಮತ್ತೆ ಮೊದಲಿನ ಹಾಗೆ ಅಷ್ಟಕ್ಕಷ್ಟೇ, ತೆರಿಗೆಯೂ ಇಲ್ಲ.

"ತಾಯಿ ವಿಷಯ?" ಎಂದು ಗರ್ಚಾ ಕೇಳಿದ.

"ಅದು ಬರಲ್ಲ ಬಿಡಿ. ಬರೋದಾದ್ರೆ ಇಷ್ಟು ಹೊತ್ತಿಗೆ ಬರ್ತಿತ್ತು."

ನೀಲಿ ಲಾರಿ ಮನೆಗೆ ಬಂತು. ಮಕ್ಕಳು ಹತ್ತಿ ಇಳಿದರು, ಸರಬ್ಜೀತ್ ಶುಭವಾಗಲೆಂದು ಕನ್ನಡಿಗೆ ಮೌಲಿಯ ಕೆಂಪು ದಾರ ಕಟ್ಟಿದಳು. ಸಂಬಳದ ವಿಷಯವನ್ನು ತರ್ಸೇಮ್ ಅವಳಿಗೆ ಹೇಳಲಿಲ್ಲ. ಹೆಂಗಸರಿಗೆ ಲೆಕ್ಕಪತ್ರದ ತಲೆನೋವು ಯಾಕೆ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ. ಆ ವರ್ಷದ ಲೆಕ್ಕ ಮುಗಿದು, ಸೊನ್ನೆಗೆ ಹತ್ತಿರದ ತೆರಿಗೆ ಕಟ್ಟಿ, ಭಾನುವಾರ ಲಂಗರಿನಲ್ಲಿ ಮತ್ತೆ ಮೊದಲಿನಂತೆ ಬಾಯಿ ತೆರೆದ. ಪಕ್ಕ ಕೂರುವವರೂ ಹೆಚ್ಚಾದರು.

ಬೇಸಿಗೆ ಕಳೆಯುವ ಹೊತ್ತಿಗೆ ಹೆಸರು ಬಂತು!

ಹಿರಿಯ ಮಗಳು ಅವ್ನೀತ್ ಈಮೇಲ್ ಓದಿ ಚೀರಿದ ಚೀರಿಗೆ ಕೆಳಗಿನ ಬಾಡಿಗೆ ಹುಡುಗರು ಬೆಂಕಿ ಬಿತ್ತೆಂದು ಬರಿಗಾಲಲ್ಲಿ ಹೊರಗೆ ಓಡಿದರು. ತರ್ಸೇಮ್ ಮಗಳನ್ನು ಎತ್ತಿ ಕುಣಿಸಿದ. ಹೆಂಡತಿಯನ್ನೂ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಗುರುದ್ವಾರಕ್ಕೆ ಲಡ್ಡು ಹೋಯಿತು. ಲಾರಿ ಅಂಗಳಕ್ಕೆ ಲಡ್ಡು ಹೋಯಿತು. ಅಲ್ಲಿ ಹಳ್ಳಿಯಲ್ಲಿ ಬೇಬೆ ಕಂಡಕಂಡವರಿಗೆ ಬೆಲ್ಲ ಹಂಚಿ, ನಾಲ್ಕು ಹೊಸ ಸಲ್ವಾರ್ ಹೊಲಿಯಲು ಕೊಟ್ಟು, ಇಷ್ಟು ವರ್ಷ ಸೊಂಟದಲ್ಲಿದ್ದ ಉಗ್ರಾಣದ ಬೀಗದ ಕೈಯನ್ನು ಕಿರಿಯ ಸೊಸೆಗೆ ಕೊಟ್ಟುಬಿಟ್ಟಳು. ಪಂಜಾಬಿನಲ್ಲಿ ಒಬ್ಬ ಅತ್ತೆ ಬೀಗದ ಕೈ ಕೊಟ್ಟಳೆಂದರೆ ಅದು ಸಿಂಹಾಸನ ತ್ಯಾಗ. ಇನ್ನು ಹಿಂದೆ ತಗೊಳ್ಳುವ ಮಾತಿಲ್ಲ.

ತರ್ಸೇಮನಿಗೆ ಜ್ಞಾನೋದಯವಾದದ್ದು ಆ ವಾರ, ಥಂಡರ್ ಬೇ ಊರು ದಾಟಿದ ಮೇಲೆ, ನೀಲಿ ಲಾರಿಯ ಮೆತ್ತನೆಯ ಸೀಟಿನಲ್ಲಿ ಹಾಡು ಗುನುಗುತ್ತಿದ್ದಾಗ. ಹಿಂದಿನ ಮೂರು ವರ್ಷ. ಒಂದೊಂದು ವರ್ಷವೂ. ಅಂದರೆ ಹೋದ ವರ್ಷವೂ... ಲಾರಿಯನ್ನು ರಸ್ತೆಯ ಬದಿಗೆ ಹಾಕಿ, ಕೆಳಗಿಳಿದು, ಅದರ ಹೊಳೆಯುವ ಮುಖವನ್ನು ನೋಡುತ್ತ ನಿಂತ. ಅಮ್ಮನನ್ನು ಮಾರಿ ಈ ಲಾರಿ ಕೊಂಡೆನಲ್ಲ ಎಂದು ಅನ್ನಿಸಿತು.

ತಿರುಗಿ ಬಂದವನೇ ಗರ್ಚಾನ ಮಹಡಿಗೆ ಹಾರಿದ.

"ಗರ್ಚಾ ಸಾಬ್, ಹೋದ ವರ್ಷಕ್ಕೆ ನಂಗೆ ಇನ್ನಷ್ಟು ಟ್ಯಾಕ್ಸ್ ಹಾಕಿ."

ಗರ್ಚಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಈ ಕುರ್ಚಿಯಲ್ಲಿ ಕೂತು ಇಲ್ಲೀವರೆಗೆ ಒಬ್ಬನೇ ಒಬ್ಬ ಈ ಮಾತು ಆಡಿಲ್ಲ. ನೀರು ಬೇಕಾ?"

"ನೀರು ಬೇಡ, ಟ್ಯಾಕ್ಸ್ ಬೇಕು! ಬಡ್ಡಿ ಹಾಕಿ, ದಂಡ ಹಾಕಿ, ನಾನು ಕಟ್ತೀನಿ."

"ಹೋದ ವರ್ಷ ನೀನು ತಗೊಳ್ಳದೇ ಇರೋ ಸಂಬಳನ ಈಗ ಹೋಗಿ ತಗೊಂಡು ಬರಕ್ಕಾಗಲ್ಲ, ತರ್ಸೇಮ್. ಆ ವರ್ಷ ಮುಗೀತು. ಆ ವರ್ಷ ನೀನು ಬಡವ. ನಾನು ಕೇಳಿದೆ ಅಲ್ವಾ, ತಾಯಿ ವಿಷಯ ಏನು ಅಂತ?"

ಕೆಳಗೆ ಅಂಗಡಿಯಲ್ಲಿ ಯಾರೋ ಮಿಠಾಯಿ ಚೌಕಾಸಿ ಮಾಡುತ್ತಿದ್ದರು. ತರ್ಸೇಮ್ ಮೆಟ್ಟಿಲಿಳಿದು, ಅವರನ್ನು ದಾಟಿ, ತಲೆ ತಗ್ಗಿಸಿಕೊಂಡು ಮನೆಗೆ ಹೋದ.

ಅಲ್ಲಿಂದ ಮುಂದೆ ಅವನು ಬೇಬೆಯ ಫೋನಿಗೆ ತಲೆಮರೆಸಿಕೊಂಡು ಓಡಾಡಿದ. ಸ್ನಾನ ಮಾಡ್ತಿದ್ದಾನೆ, ಮಲಗಿದ್ದಾನೆ, ಇಲ್ಲಿ ಸಿಗ್ನಲ್ ಇಲ್ಲ ಎಂದು ಹೇಳಿಸಿದ. "ಅಷ್ಟು ದೊಡ್ಡ ದೇಶ, ಒಂದು ಫೋನು ನೆಟ್ಟಗಿಲ್ವಾ?" ಎಂದು ಬೇಬೆ ಬೈದಳು. ಮಗ ದಿನಕ್ಕೆ ಮೂರು ಹೊತ್ತು ಸ್ನಾನ ಮಾಡುತ್ತಾನೆಂದು ಹಳ್ಳಿಯಲ್ಲಿ ಸುದ್ದಿಯಾಯಿತು.

ಒಂದು ಸಂಜೆ ಊಟವಾದ ಮೇಲೆ ಯಾರೂ ಹೇಳದೆಯೇ ಅವನು ಎದ್ದು ಪಾತ್ರೆ ತೊಳೆಯತೊಡಗಿದ. ಸರಬ್ಜೀತ್ ಟವೆಲ್ ಹಿಡಿದು ಪಕ್ಕದಲ್ಲಿ ಬಂದು ನಿಂತಳು. ಮದುವೆಯಾದಂದಿನಿಂದ ಅವನು ಪಾತ್ರೆ ತೊಳೆದದ್ದು ಒಂದೇ ಸಲ, ಅವಳ ಬಳೆ ಅಡವಿಟ್ಟ ದಿನ.

"ಏನಾಯ್ತು, ಹೇಳಿಬಿಡಿ."

"ಏನಿಲ್ಲ."

"ತೊಳೆದ ಬಾಣಲೆನೇ ಮತ್ತೆ ತೊಳೀತಿದ್ದೀರಿ, ಸರ್ದಾರ್‌ಜಿ. ಹೇಳಿ."

ಹೇಳಿದ. ಲಾರಿ, ಸಂಬಳ, ಗರ್ಚಾ ಹೇಳಿದ್ದು, ಎಲ್ಲ ಹೇಳಿದ. "ಅಪ್ಪನ ಹೊತ್ತಿಗೂ ನಾನು ಮುಟ್ಟಲಿಲ್ಲ. ಈಗ ಇದನ್ನೂ ಕೈಯಾರೆ ಹಾಳು ಮಾಡ್ದೆ. ಬೇಬೆ ಬೀಗದ ಕೈ ಕೊಟ್ಟುಬಿಟ್ಟಿದ್ದಾಳೆ, ಸಬ್ಬೋ!" ಎಂದವನು ನೊರೆಯ ಕೈಯಲ್ಲೇ ಕಣ್ಣೊರೆಸಿಕೊಂಡ. ಸಾಬೂನು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

ಸರಬ್ಜೀತ್ ಟವೆಲ್ಲಿನ ತುದಿಯಿಂದ ಅವನ ಕಣ್ಣೊರೆಸಿದಳು. ಆಮೇಲೆ ಸಾವಧಾನವಾಗಿ ಬೈಯಲು ಶುರು ಮಾಡಿದಳು. ಅದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಲಾರಿಯ ಬಣ್ಣದಿಂದ ಹಿಡಿದು ತರ್ಸೇಮನ ಸೋದರಮಾವನವರೆಗೆ ಯಾರನ್ನೂ ಬಿಡಲಿಲ್ಲ. ಉಸಿರು ತಗೊಳ್ಳಲು ನಿಂತಾಗ ಕೇಳಿದಳು:

"ನನ್ನದು ಸೇರಿಸಿ ನೋಡಿದ್ರಾ?"

"ನಿನ್ನದೇನಿದೆ, ಬನ್ನು ಜೋಡಿಸೋ..."

"ಬನ್ನು ಜೋಡಿಸೋದು ಬಿಟ್ಟು ಯಾವ ಕಾಲ ಆಯ್ತು! ಸೂಪರ್‌ವೈಸರ್ ನಾನೀಗ. ಇಡೀ ಪಾಳಿಗೆ ನಾನೇ ಮೇಲೆ."

"ನಂಗೆ ಹೇಳಲೇ ಇಲ್ಲ!"

"ಹೇಳಿದೆ. ಬರ್ಫಿನೂ ತಂದೆ. ನೀವು ಬರ್ಫಿ ಚೆನ್ನಾಗಿದೆ ಅಂದ್ರಿ."

ತರ್ಸೇಮನಿಗೆ ಬರ್ಫಿ ಚೆನ್ನಾಗಿ ನೆನಪಿತ್ತು. ಪಿಸ್ತಾದ್ದು.

"ಮತ್ತೆ ನೀವು ದಾರಿ ಮೇಲಿರೋವಾಗ ಶನಿವಾರ ಭಾನುವಾರ ನಾನೇನು ಮಾಡ್ತಿದ್ದೆ ಅಂದ್ಕೊಂಡಿದ್ದೀರಿ?"

"ಗುರುದ್ವಾರ... ನೆಂಟರು... ಟಿವಿ..."

"ಓವರ್‌ಟೈಮ್. ಪ್ರತಿ ವರ್ಷವೂ ದಾಟಬೇಕು ಅಂತ ನೀವೇ ಹೇಳಿದ್ರಿ. ನಿಮ್ಮನ್ನ ನಾನು ಬಲ್ಲೆ. ಹೊಳೆಯೋ ಲಾರಿ ಕಂಡ್ರೆ ನಿಮ್ಮ ಬುದ್ಧಿ ಟೈರಿಗೆ ಇಳಿದುಬಿಡುತ್ತೆ. ಅದಕ್ಕೇ ನನ್ನ ಕಡೆಯಿಂದ ಇರಲಿ ಅಂತ ದುಡಿದೆ. ಎಷ್ಟು ದಿನ ಅಂತ ಆ ಫೋನಿನ ಮುಂದೆ ಸೊಪ್ಪು ಹೆಚ್ಚಲಿ?"

ಮಾರನೆಯ ದಿನ ಇಬ್ಬರೂ ಗರ್ಚಾನ ಎದುರು ಕೂತರು. ಗರ್ಚಾ ಅವಳ ಆದಾಯ ನೋಡಿದ, ಅವನ ಆದಾಯ ನೋಡಿದ, ಕೂಡಿದ, ಇನ್ನೊಮ್ಮೆ ಕೂಡಿದ. ಮೊದಲೆರಡು ವರ್ಷ ಇಬ್ಬರದೂ ಸೇರಿ ಬೇಕಾದಷ್ಟಿತ್ತು. ಹೋದ ವರ್ಷದ ಅಂಕಿಯ ಮೇಲೆ ಅವನ ಪೆನ್ನು ನಿಂತಿತು.

"ಸಾಕಾಗುತ್ತೆ" ಎಂದ.

ತರ್ಸೇಮ್ ಎರಡೂ ಕೈಯೆತ್ತಿ ದೇವರಿಗೆ ಮುಗಿದ. "ನೋಡಿದ್ಯಾ? ಇಬ್ಬರೂ ಕೈ ಸೇರಿಸಿದ್ರೆ..."

"ಕೈ ಸೇರಿಸೋದೇನೂ ಬೇಕಾಗಿಲ್ಲ. ಹೋದ ವರ್ಷದ ಮಟ್ಟಿಗೆ ನಿನ್ನದನ್ನ ಬಿಟ್ರೂ ಸಾಕು" ಎಂದ ಗರ್ಚಾ, ಎಳ್ಳಷ್ಟೂ ದಯೆಯಿಲ್ಲದೆ. ಆಮೇಲೆ ಸರಬ್ಜೀತಳ ಕಡೆ ತಿರುಗಿ, "ನೋಡಮ್ಮ, ಇಲ್ಲಿ ಸಹಿ ಹಾಕಿದ್ರೆ ಇಪ್ಪತ್ತು ವರ್ಷ ನಿಮ್ಮತ್ತೆಯ ಊಟ, ಬಟ್ಟೆ, ಮನೆ ಎಲ್ಲಕ್ಕೂ ನೀನೂ ಜವಾಬ್ದಾರಿ. ಯೋಚನೆ ಮಾಡಿ ಹಾಕು."

"ಇದನ್ನ ಮದುವೆ ದಿನವೇ ಹೇಳಿದ್ರು, ಅಣ್ಣಾ. ಸಹಿ ಮಾತ್ರ ತಗೊಂಡಿರಲಿಲ್ಲ" ಎಂದು ಸರಬ್ಜೀತ್ ಪೆನ್ನು ಎತ್ತಿದಳು. ಹಾಕುವ ಮೊದಲು ಗಂಡನತ್ತ ನೋಡಿದಳು. "ಒಂದೇ ಮಾತು. ಯಾರ ದುಡಿಮೆ ಅಂತ ಬೇಬೇಜಿಗೆ ನೀವೇ ಹೇಳ್ಬೇಕು."

"ಹೇಳ್ತೀನಿ, ಹೇಳ್ತೀನಿ. ಬಂದ ಮೇಲೆ ಹೇಳ್ತೀನಿ."

ಫೋನಿನಲ್ಲಿ ಮಾತ್ರ "ಎಲ್ಲ ವ್ಯವಸ್ಥೆ ಮಾಡ್ದೆ ಬೇಬೆ, ನಿನ್ನ ಮಗ ಸುಮ್ಮನೆ ಇರ್ತಾನಾ" ಎಂದ. ಬೇಬೆ ಊರಿಗೆಲ್ಲ ಹೇಳಿಕೊಂಡು ಬಂದಳು: ನನ್ನ ಸೇಮಾನ ದುಡಿಮೆ ನೋಡಿ ಅಲ್ಲಿನ ಸರ್ಕಾರವೇ ಬೆರಗಾಗಿ ನನ್ನನ್ನು ಕರೆದಿದೆ.

ಸಹಿ ಹಾಕಿದೊಡನೆ ಬಾಗಿಲು ತೆರೆಯುವುದಿಲ್ಲ. ಆಮೇಲೂ ಕಾಯಬೇಕು. ಬೇಬೆಯ ರಕ್ತ, ಎದೆ, ಕಣ್ಣು ಎಲ್ಲ ಪರೀಕ್ಷೆಯಾಯಿತು. ಪೊಲೀಸರು ಅವಳ ಮೇಲೆ ಯಾವ ಕೇಸೂ ಇಲ್ಲವೆಂದು ಬರೆದುಕೊಟ್ಟರು. (ಕಿರಿಯ ಸೊಸೆಯನ್ನು ಅವರು ಕೇಳಲಿಲ್ಲ.) ಹೊಲಿಸಿಟ್ಟ ಸಲ್ವಾರುಗಳು ಬಿಗಿಯಾದವು, ಬಿಚ್ಚಿ ಹೊಲಿಸಿದ್ದಾಯಿತು. ಅವ್ನೀತ್ ಶಾಲೆ ಮುಗಿಸಿ ಕಾಲೇಜು ಸೇರಿದಳು. ಇಷ್ಟೆಲ್ಲ ಆಗಿ, ಒಂದು ಮಧ್ಯಾಹ್ನ ವಿಮಾನ ನಿಲ್ದಾಣದ ಗಾಜಿನ ಬಾಗಿಲು ಸರಿದು, ಎರಡು ಪೆಟ್ಟಿಗೆಯ ಹಿಂದೆ ಬೇಬೆಯ ಬಿಳಿ ದುಪಟ್ಟಾ ಕಂಡಿತು. ತರ್ಸೇಮ್ ಕಾಲಿಗೆ ಬಿದ್ದವನು ಏಳಲಿಲ್ಲ. ಮೀಸೆ ಒದ್ದೆಯಾಗುವಷ್ಟು ಅತ್ತ. ಅಕ್ಕಪಕ್ಕದ ಜನ ನೋಡುತ್ತಿದ್ದರೂ ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

"ಏಳು, ಏಳು. ಇಷ್ಟು ಸ್ನಾನ ಮಾಡಿನೂ ಕಪ್ಪಗೇ ಇದ್ದೀಯಲ್ಲೋ" ಎಂದು ಬೇಬೆ ಅವನ ತಲೆ ಸವರಿದಳು.

ಮನೆಗೆ ಬಂದು ಎರಡು ದಿನಕ್ಕೇ ಅಡಿಗೆಮನೆ ಬೇಬೆಯ ಕೈಗೆ ಹೋಯಿತು. ಯಾರ ದುಡಿಮೆಯೆಂದು ಹೇಳುವ ಮುಹೂರ್ತ ಮಾತ್ರ ತರ್ಸೇಮನಿಗೆ ಕೂಡಿಬರಲಿಲ್ಲ. ಸರಬ್ಜೀತ್ ಕಣ್ಣು ಕೆಕ್ಕರಿಸಿದಾಗಲೆಲ್ಲ ಅವನಿಗೆ ಲಾರಿಯಲ್ಲಿ ಏನೋ ಮರೆತದ್ದು ನೆನಪಾಗುತ್ತಿತ್ತು.

ಭಾನುವಾರ ಗರ್ಚಾನನ್ನು ಊಟಕ್ಕೆ ಕರೆದರು. ಬೇಬೆ ಸಾಸಿವೆ ಸೊಪ್ಪಿನ ಸಾಗ್ ಮಾಡಿ, ಒಲೆಯ ಮುಂದೆ ನಿಂತು ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು. ಮೊದಲ ರೊಟ್ಟಿ ಅತಿಥಿಗೆ ಹೋಯಿತು, ಬೆಣ್ಣೆಯ ಮುದ್ದೆ ಸಮೇತ.

"ತಿನ್ನು ಪುತ್ತ. ನನ್ನ ಮಗನ ದುಡಿಮೆ ಲೆಕ್ಕ ಹಾಕಿ ನನ್ನನ್ನ ಇಲ್ಲಿಗೆ ಕರೆಸಿದೋನು ನೀನು."

ಗರ್ಚಾ ಸತ್ಯವಂತನೇನಲ್ಲ. ಆದರೆ ಅಂಥ ಬೆಣ್ಣೆ ಗಂಟಲಿಗಿಳಿದ ಮೇಲೆ ಸುಳ್ಳು ಹೊರಡುವುದು ಕಷ್ಟ. "ಇವನ ದುಡಿಮೆನಾ, ಬೇಬೇಜಿ? ಹೋದ್ಸಲ ಇವನ ಆದಾಯ ನೋಡಿದ್ರೆ, ನೀವೇ ಹಳ್ಳಿಯಿಂದ ಇವನಿಗೆ ದುಡ್ಡು ಕಳಿಸ್ಬೇಕಾಗಿತ್ತು. ನಿಮ್ಮನ್ನ ಕರೆಸಿದ್ದು ನಿಮ್ಮ ಸೊಸೆ."

ತರ್ಸೇಮ್ ಸಾಗಿನ ಬಟ್ಟಲನ್ನೇ ದಿಟ್ಟಿಸಿದ. ಬೇಬೆಯ ಕೈಯಲ್ಲಿ ರೊಟ್ಟಿ ತಟ್ಟುವುದು ನಿಂತಿತು. ನಿಜವೇ ಎಂದು ಸೊಸೆಯ ಮುಖ ನೋಡಿದಳು, ನಿಜವೇ ಎಂದು ಮಗನ ಮುಖ ನೋಡಿದಳು. ಮಗನ ಮುಖದಲ್ಲಿ ಉತ್ತರ ಚೆನ್ನಾಗಿ ಕಾಣುತ್ತಿತ್ತು.

"ಸಬ್ಬೋ, ನೀನು ಯಾಕೆ ನಿಂತಿದ್ದೀಯ? ಕೂತ್ಕೋ" ಎಂದಳು. ಎರಡನೆಯ ರೊಟ್ಟಿ ಸೊಸೆಯ ತಟ್ಟೆಗೆ ಹೋಯಿತು. ಬೆಣ್ಣೆ ಅತಿಥಿಯದಕ್ಕಿಂತ ದೊಡ್ಡದಿತ್ತು. ಮೂರನೆಯದೂ ಅವಳಿಗೇ ಹೋಯಿತು.

"ಬೇಬೆ, ನಾನೂ ಇದ್ದೀನಿ..." ಎಂದ ತರ್ಸೇಮ್.

"ಇದ್ದೀಯ, ಕಾಣಿಸ್ತಿದ್ದೀಯ. ಎದ್ದು ಎಲ್ಲರಿಗೂ ನೀರು ಕೊಡು."

ಕೊಟ್ಟ. ಬಂದು ಖಾಲಿ ತಟ್ಟೆಯ ಮುಂದೆ ಕೂತ. ಬೇಬೆ ಒಲೆಯ ಕಡೆ ನೋಡುತ್ತಲೇ ಗರ್ಚಾನನ್ನು ಕೇಳಿದಳು, "ಇವಳ ಅಪ್ಪ ಅಮ್ಮ ಇನ್ನೂ ಅಲ್ಲಿ ಊರಲ್ಲೇ ಇದ್ದಾರಲ್ಲ. ಅವರನ್ನ ಕರೆಸಕ್ಕೆ ಎಷ್ಟು ಬೇಕು?"

ಸರಬ್ಜೀತಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಈ ಮಾತನ್ನು ಅವಳು ಇಷ್ಟು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಆಡಿರಲಿಲ್ಲ.

"ಈಗ ಮನೆಯಲ್ಲಿ ತಲೆ ಜಾಸ್ತಿಯಾಗಿದೆ, ಬೇಬೇಜಿ. ನಿಮ್ಮದೂ ಸೇರುತ್ತೆ, ಅವರಿಬ್ಬರದೂ ಸೇರುತ್ತೆ. ಮೊದಲಿಗಿಂತ ತುಂಬಾ ಬೇಕು" ಎಂದ ಗರ್ಚಾ. "ಹೆಸರು ಯಾವಾಗ ಬರುತ್ತೋ, ಅಲ್ಲೀವರೆಗೆ ಒಂದು ವರ್ಷವೂ ತಪ್ಪೋ ಹಾಗಿಲ್ಲ."

"ಇವಳು ಒಬ್ಬಳೇ ಎಷ್ಟು ಅಂತ ದುಡೀತಾಳೆ? ಉಳಿದದ್ದನ್ನ ಇವನು ತೋರಿಸ್ತಾನೆ." ಬೇಬೆ ಹೆಂಚಿನ ಮೇಲಿನ ರೊಟ್ಟಿಯನ್ನು ಕೈಗೆತ್ತಿಕೊಂಡು ಮಗನ ಕಡೆ ತಿರುಗಿದಳು. "ತೋರಿಸ್ತೀಯಾ, ಸೇಮಾ?"

ತರ್ಸೇಮ್ ಕಿಟಕಿಯಾಚೆ ನಿಂತ ನೀಲಿ ಲಾರಿಯನ್ನು ನೋಡಿದ. ಹೆಂಡತಿಯ ತುಂಬಿ ಬಂದ ಕಣ್ಣನ್ನು ನೋಡಿದ. ಹೊಗೆಯಾಡುತ್ತಿದ್ದ ರೊಟ್ಟಿಯನ್ನು ನೋಡಿದ.

"ತೋರಿಸ್ತೀನಿ, ಬೇಬೆ."

"ಪೂರ್ತಿ?"

"ಪೂರ್ತಿ."

ರೊಟ್ಟಿ ಅವನ ತಟ್ಟೆಗೆ ಬಿತ್ತು. ಬೆಣ್ಣೆ ಇರಲಿಲ್ಲ.